ಗದ್ದಲಕ್ಕೂ ಶ್ರುತಿ ಇದೆ

ಸಿನಿಮಾಗಳಿಗೆ ಸೌಂಡ್ ಡಿಸೈನ್ ಮಾಡುವುದು ನನ್ನ ಕೆಲಸ. ಹೊಸದಾಗಿ ಸೇರುವ ಹುಡುಗರಿಗೆ ಸಾಫ್ಟ್‌ವೇರ್ ಕಲಿಸುವ ಮೊದಲು ಲುಯಿಜಿ ರುಸ್ಸೊಲೊ ಕಥೆ ಹೇಳುತ್ತೇನೆ.

ಆತ ಇಟಲಿಯ ಚಿತ್ರಕಾರ. ಹುಟ್ಟಿದ್ದು 1885ರಲ್ಲಿ. ಟ್ರಾಮ್, ಎಂಜಿನ್, ಜನಜಂಗುಳಿಯ ಸದ್ದೂ ಸಂಗೀತಕ್ಕೆ ಬರಬೇಕು ಎಂದು 1913ರಲ್ಲಿ ಬರೆದ. ಬರೆದು ಸುಮ್ನೆ ಕೂರಲಿಲ್ಲ, ಅದಕ್ಕೆ ಬೇಕಾದ ವಾದ್ಯಗಳನ್ನೂ ಮಾಡಿದ. ಮರದ ಪೆಟ್ಟಿಗೆ, ಮುಂದೆ ಕಹಳೆಯಂಥ ಬಾಯಿ. ಒಳಗಿನ ತಂತಿಯ ಒಂದು ತುದಿ ಬಿಗಿದ ಚರ್ಮಕ್ಕೆ ಸೇರಿರುತ್ತದೆ. ಹಿಡಿ ತಿರುಗಿಸಿದರೆ ಚಕ್ರ ತಂತಿಯನ್ನು ಉಜ್ಜುತ್ತದೆ. ಸನ್ನೆಕೋಲು ಸರಿಸಿದರೆ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ. ಗುಡುಗುವುದಕ್ಕೆ ಒಂದು ಪೆಟ್ಟಿಗೆ, ಸಿಳ್ಳಿಗೆ ಇನ್ನೊಂದು, ಗುಳುಗುಳು ಸದ್ದಿಗೆ ಮತ್ತೊಂದು. 1914ರಲ್ಲಿ ಮಿಲಾನ್‌ನಲ್ಲಿ ಸಂಗೀತ ಕಛೇರಿ ಇಟ್ಟಾಗ ಸಭೆಯಲ್ಲಿ ಭಾರೀ ಗಲಾಟೆಯಾಯಿತು.

1915ರಲ್ಲಿ ಸ್ವಯಂಸೇವಕನಾಗಿ ಸೈಕಲ್ ದಳ ಸೇರಿ ಯುದ್ಧಕ್ಕೆ ಹೋದ. ಆತ ಸೇರಿದ್ದ, ಯುದ್ಧವನ್ನು ಹಾಡಿ ಹೊಗಳಿದ ಫ್ಯೂಚರಿಸ್ಟ್ ಕಲಾವಿದರ ಗುಂಪಿನ ನಿಲುವು ನನಗೆ ಒಪ್ಪಿಗೆಯಿಲ್ಲ. ಆದರೆ ಆತ ಅಲ್ಲಿ ಕಿವಿಗೊಟ್ಟ ರೀತಿಯನ್ನು ಮರೆಯಲಾರೆ. ರಣರಂಗದಲ್ಲಿ ಕಣ್ಣಿಗೆ ಕಾಣುವುದು ಕಡಿಮೆ, ಎಲ್ಲವೂ ಕಿವಿಗೇ ಗೊತ್ತಾಗಬೇಕು. ಹಾರಿ ಬರುವ ಗುಂಡಿನ ಸಿಳ್ಳು ಕೇಳಿಯೇ ಅದು ಎಂಥದ್ದೆಂದು ಸೈನಿಕರು ಗುರುತಿಸುತ್ತಿದ್ದರು. ಇದನ್ನೆಲ್ಲ ಆತ 1916ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ.

ಮರುವರ್ಷ ತಲೆಗೆ ದೊಡ್ಡ ಗಾಯವಾಯಿತು. ಆಸ್ಪತ್ರೆವಾಸ ಬಹಳ ಕಾಲ ನಡೆಯಿತು. ಆದರೂ 1921ರಲ್ಲಿ ಅದೇ ಪೆಟ್ಟಿಗೆಗಳ ಜೊತೆ ಪ್ಯಾರಿಸ್‌ನಲ್ಲಿ ಕಛೇರಿ ಕೊಟ್ಟ!

ನಾನು ಕೆಲಸ ಮಾಡಿದ ಒಂದು ಸಿನಿಮಾದಲ್ಲಿ ಹಿಟ್ಟಿನ ಗಿರಣಿಯ ದೃಶ್ಯವಿತ್ತು. ರೆಕಾರ್ಡ್ ಮಾಡಿಟ್ಟ ಸದ್ದುಗಳ ಲೈಬ್ರರಿಯಲ್ಲಿ ಸಿಕ್ಕ ಗಿರಣಿ ಸದ್ದು ಒಂದೇ ಸಮ ಗುಂಯ್‌ಗುಡುತ್ತಿತ್ತು. ಸಹಾಯಕನನ್ನು ಕರೆದುಕೊಂಡು ನಿಜವಾದ ಗಿರಣಿಗೆ ಹೋದೆ, ಮೈಕ್ ಹೊರಗೆ ತೆಗೆಯದೆ ಇಬ್ಬರೂ ನಿಂತು ಕೇಳಿದೆವು. ರಾಗಿ ಸುರಿದ ಕೂಡಲೇ ಕಲ್ಲಿನ ಮೇಲೆ ಭಾರ ಬಿದ್ದು ಮೋಟಾರಿನ ಶ್ರುತಿ ಇಳಿಯುತ್ತದೆ. ಕಾಳು ಮುಗಿಯುತ್ತ ಬಂದಂತೆ ಮತ್ತೆ ಏರುತ್ತದೆ. ಬೆಲ್ಟಿನ ಜೋಡಣೆ ಚಕ್ರಕ್ಕೆ ತಾಗಿದಾಗಲೆಲ್ಲ ಪಟ್ ಪಟ್ ಅನ್ನುತ್ತದೆ. ಇವನ್ನು ಬೇರೆಬೇರೆಯಾಗಿ ರೆಕಾರ್ಡ್ ಮಾಡಿದೆವು. ಶ್ರುತಿ ಇಳಿಯುವ ಜಾಗಕ್ಕೆ ಸರಿಯಾಗಿ ನಾಯಕಿಯ ಮಾತು ಕೂರಿಸಿದೆವು. ಮಾತು ಸ್ಪಷ್ಟವಾಗಿ ಕೇಳಿಸಿತು, ಗಿರಣಿಯ ಸದ್ದು ತಗ್ಗಿಸಬೇಕಾಗಲೇ ಇಲ್ಲ.

ಕೊನೆಗಾಲದಲ್ಲಿ ರುಸ್ಸೊಲೊ ಮತ್ತೆ ಕುಂಚ ಹಿಡಿದ, 1947ರಲ್ಲಿ ತೀರಿಕೊಂಡ. ಆತ ಮಾಡಿದ ಪೆಟ್ಟಿಗೆಗಳು ಈಗ ಉಳಿದಿಲ್ಲ. ಆದರೆ ಆತನ ಅಣ್ಣ ಅಂತೋನಿಯೊ ರಚಿಸಿದ ಸಂಗೀತದ ಹಳೇ ಗ್ರಾಮಫೋನ್ ಮುದ್ರಣವೊಂದಿದೆ, ಅದರಲ್ಲಿ ಆರ್ಕೆಸ್ಟ್ರಾ ಜೊತೆ ಈ ಪೆಟ್ಟಿಗೆಗಳ ಗುಡುಗೂ ಕೇಳಿಸುತ್ತದೆ. ಈ ಕೆಲಸಕ್ಕೆ ಬರುವ ಆಸೆ ಇದ್ದವರು ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ಅದನ್ನು ಒಮ್ಮೆ ಕೇಳಿ.