ಶೆಟ್ರ ರೋಜ್‌ಮೇಳದಲ್ಲಿ ಸಿಕ್ಕಿದ ಮಳೆ

ಮುಂಬೈಯ ಪತ್ರಕರ್ತರಿಗೆ ಮಳೆಗಾಲ ಅಂದರೆ ಅದೇ ಸುದ್ದಿಯನ್ನು ಪ್ರತಿವರ್ಷ ಬರೆಯುವ ಕಾಲ. ಹಿಂದ್‌ಮಾತಾದಲ್ಲಿ ನೀರು, ಕಿಂಗ್ಸ್ ಸರ್ಕಲ್‌ನಲ್ಲಿ ನೀರು, ಕುರ್ಲಾದಲ್ಲಿ ಹಳಿಯ ಮೇಲೆ ನೀರು. ಕೆಳಗೆ ಹವಾಮಾನ ಇಲಾಖೆಯ ಎರಡು ಮಾಪನ ಕೇಂದ್ರಗಳ ಎರಡು ಅಂಕಿ. ದಕ್ಷಿಣ ತುದಿಯ ಕೊಲಾಬಾದಲ್ಲಿ ಇಷ್ಟು ಮಿಲಿಮೀಟರ್, ಉಪನಗರದ ಸಾಂತಾಕ್ರೂಜ್‌ನಲ್ಲಿ ಇಷ್ಟು. ಮುಗಿಯಿತು.

ನಾನು ಡೇಟಾ ಪತ್ರಕರ್ತೆ, ಅಂದರೆ ಅಂಕಿಅಂಶಗಳಲ್ಲಿ ಸುದ್ದಿ ಹುಡುಕುವವಳು. ಅರ್ಧ ದಿನ ಪೈಥಾನ್‌ನಲ್ಲಿ ಕೋಡ್ ಬರೆಯುತ್ತೇನೆ. ಉಳಿದರ್ಧ ಎಲ್ಲ ವರದಿಗಾರರ ಹಾಗೆ ಫೋನು ಮಾಡುವುದು, ಬಾಗಿಲು ತಟ್ಟುವುದು, ಕಾಯುವುದು. ದಾವಣಗೆರೆಯಲ್ಲಿರುವ ಅಮ್ಮ ನೆಂಟರಿಗೆ, "ಮಗಳು ಕಂಪ್ಯೂಟರ್ ಕೆಲಸದಲ್ಲಿದ್ದಾಳೆ, ಪೇಪರಿಗೂ ಬರೀತಾಳೆ" ಅಂತ ಹೇಳುತ್ತಾಳೆ. ನಮ್ಮ ಸಂಪಾದಕರು ಕೊಡುವ ವಿವರಣೆಗಿಂತ ಇದೇ ವಾಸಿ.

ಆ ಎರಡು ಅಂಕಿಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಸುಳ್ಳು ಅಂತಲ್ಲ, ಸಾಲದು ಅಂತ. 2005ರ ಜುಲೈ 26ರ ಮಳೆಯನ್ನೇ ನೋಡಿ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಅದೇ ಹೊತ್ತಿನಲ್ಲಿ ಕೊಲಾಬಾದಲ್ಲಿ 74. ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯ ದೂರ, ಅಷ್ಟೇ. ಸರಾಸರಿ ತೆಗೆದರೆ 509 ಬರುತ್ತದೆ. ಆ 509 ಯಾವ ಮಾಪಕದೊಳಗೂ ಬಿದ್ದ ಮಳೆಯಲ್ಲ. ದಾದರ್, ಮಾತುಂಗಾ, ಸಯನ್ ಎಲ್ಲ ಇರುವುದು ಇವೆರಡರ ನಡುವೆ. ಅಲ್ಲಿನವರು ಯಾವ ಅಂಕಿಯನ್ನು ತಮ್ಮದು ಅಂದುಕೊಳ್ಳಬೇಕು?

ಹಾಗಾಗಿ ಒಂದು ಮಳೆಗಾಲದಲ್ಲಿ ಬೇರೆ ಪ್ರಶ್ನೆ ಹಿಡಿದೆ. ಎಷ್ಟು ಮಳೆ ಬಂತು ಅನ್ನುವುದು ಬೇಡ. ನೀರು ಒಳಗೆ ಬಂದದ್ದು ಯಾವಾಗ? ಮಳೆಯ ಅಂಕಿ ಸಿಗುತ್ತದೆ. ಕಡಲಿನ ಉಬ್ಬರದ ವೇಳೆಯೂ ಸಿಗುತ್ತದೆ. 4.5 ಮೀಟರ್‌ಗಿಂತ ದೊಡ್ಡ ಉಬ್ಬರ ಬರುವ ದಿನಗಳ ಪಟ್ಟಿಯನ್ನು ಪಾಲಿಕೆ ಮಳೆಗಾಲಕ್ಕೆ ಮೊದಲೇ ಕೊಡುತ್ತದೆ. ಆದರೆ "ಇವತ್ತು ಈ ಮೂಲೆಯಲ್ಲಿ ಹೊಸ್ತಿಲು ದಾಟಿ ನೀರು ಬಂತು" ಅನ್ನುವ ಕಾಲಂ ಯಾವ ಫೈಲಿನಲ್ಲೂ ಇಲ್ಲ. ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನಲ್ಲಿ ಒಂದು ಕಚೇರಿಗೆ ಅರ್ಜಿ ಹಾಕಿದೆ. ದೂರುಗಳ ಪಟ್ಟಿ ಬಂತು, ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. ಕೆಲವು ಪುಟ ಓರೆ, ಕೆಲವು ತಲೆಕೆಳಗು. ಅದನ್ನೂ ಬಿಡಿಸಿದೆ ಅನ್ನಿ. ಬಿಡಿಸಿದ ಮೇಲೆ ಕಂಡದ್ದು ನೀರಿನ ಲೆಕ್ಕ ಅಲ್ಲ, ಫೋನು ಮಾಡುವವರ ಲೆಕ್ಕ. ದೂರಿ ದೂರಿ ಬೇಸತ್ತವರ ಬೀದಿ ಆ ಪಟ್ಟಿಯಲ್ಲಿ ಒಣಗಿಯೇ ಇರುತ್ತದೆ.

ಇದನ್ನೆಲ್ಲ ಗೊಣಗುತ್ತ ಕೂತದ್ದು ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ. ಸಣ್ಣ ಹೋಟೆಲು. ಗಲ್ಲಾದ ಮೇಲೆ ಕೂತ ಶೆಟ್ರು ನನ್ನ ಕನ್ನಡ ಕೇಳಿ ಮಾತಿಗೆ ಬಂದರು.

"ನೀರು ಬಂದ ದಿನ ಬೇಕಾ ನಿಮಗೆ? ಅದಕ್ಕೆ ಪಾಲಿಕೆಗೆ ಯಾಕೆ ಅರ್ಜಿ ಹಾಕಿದ್ರಿ ಮಾರಾಯ್ರೇ? ನಮ್ಮಲ್ಲಿ ಉಂಟಲ್ಲ."

ಹಿಂದಿನ ಕಪಾಟಿನಿಂದ ಉದ್ದನೆಯ ಕೆಂಪು ಪುಸ್ತಕ ತೆಗೆದರು. ರೋಜ್‌ಮೇಳ. ದಿನದ ವ್ಯಾಪಾರ ಬರೆಯುವ ಪುಸ್ತಕ. ಬೆಳಗ್ಗೆಯ ವ್ಯಾಪಾರ, ಮಧ್ಯಾಹ್ನದ್ದು, ಸಂಜೆಯದ್ದು ಬೇರೆ ಬೇರೆ. ಕೆಲವು ದಿನಗಳ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಅಲೆ ಅಲೆಯಾಗಿ ಗೆರೆ ಎಳೆದಿತ್ತು. ಒಂದು ಗೆರೆ ಅಂದರೆ ರಸ್ತೆಯಲ್ಲಿ ನೀರು. ಎರಡು ಗೆರೆ ಅಂದರೆ ಹೊಸ್ತಿಲು ದಾಟಿತು. ಮೂರು ಅಂದರೆ ಅಡುಗೆ ಮನೆಗೆ ಬಂತು, ಫ್ರಿಜ್ಜಿನ ಪ್ಲಗ್ ಕೀಳಬೇಕಾಯಿತು. ಅವರ ತಂದೆ ಶುರು ಮಾಡಿದ ಪದ್ಧತಿ ಇದು. ಯಾರೂ ಕಲಿಸಿದ್ದಲ್ಲ, ಯಾರಿಗೂ ತೋರಿಸಲು ಬರೆದದ್ದೂ ಅಲ್ಲ. ವ್ಯಾಪಾರ ಯಾಕೆ ಬಿತ್ತು ಅಂತ ಪಾಲುದಾರರು ಕೇಳಿದರೆ ಉತ್ತರ ಬೇಕಲ್ಲ, ಅದಕ್ಕೆ.

ನಾನು ಕಾಫಿ ತಣ್ಣಗಾಗಲು ಬಿಟ್ಟು ಪುಟ ತಿರುಗಿಸಿದೆ. ಸರಕಾರಿ ವೆಬ್‌ಸೈಟಿನಲ್ಲಿ ಹುಡುಕಿ ಸಿಗದ ಕಾಲಂ ಇಲ್ಲಿತ್ತು. ಅದೂ ಮೂರು ಮಟ್ಟದಲ್ಲಿ.

ಶೆಟ್ರು ಒಂದು ಷರತ್ತು ಹಾಕಿದರು. ಹೋಟೆಲಿನ ಹೆಸರು ಬರಬಾರದು, ರೂಪಾಯಿ ಲೆಕ್ಕವೂ ಬರಬಾರದು. "ನೀವು ಮಳೆ ನೋಡ್ತೀರಿ, ಇನ್‌ಕಮ್ ಟ್ಯಾಕ್ಸ್‌ನವರು ಬೇರೆ ಏನಾದರೂ ನೋಡಿಯಾರು." ಒಪ್ಪಿದೆ. ಆ ದಿನದ ವ್ಯಾಪಾರ ಮಾಮೂಲಿನ ಎಷ್ಟು ಪಾಲು ಅನ್ನುವುದು ಗೊತ್ತಾದರೆ ನನಗೆ ಸಾಕಿತ್ತು.

ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ತನಕ ಸಿಗುವ ಬಿಡುವಿನಲ್ಲಿ ಕೂತು ಪುಟಗಳ ಫೋಟೋ ತೆಗೆದುಕೊಂಡೆ. ಫೋಟೋದಿಂದ ಅಕ್ಷರ ಹೆಕ್ಕುವ ಸಾಫ್ಟ್‌ವೇರ್ ಈ ಕೈಬರಹದ ಮುಂದೆ ಕೈ ಚೆಲ್ಲಿತು. ಹಳೆಯ ಪುಸ್ತಕಗಳಲ್ಲಿ ಕನ್ನಡ ಅಂಕಿ ಬೇರೆ. ಶೆಟ್ರ ತಂದೆ ಹಗಲು ಲೋಟ ತೊಳೆದು, ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಓದಿದವರಂತೆ. ಮುಂಬೈಯ ಫೋರ್ಟ್ ಪ್ರದೇಶದ ಹೋಟೆಲ್ ಹುಡುಗರು ಎಷ್ಟೋ ಮಂದಿ ಹಾಗೇ ಓದಿದ್ದು. ಅಕ್ಷರ ಮುತ್ತಿನ ಹಾಗಿತ್ತು, ಆದರೂ ಯಂತ್ರಕ್ಕೆ ತಿಳಿಯಲಿಲ್ಲ. ಕೈಯಲ್ಲೇ ಟೈಪ್ ಮಾಡಿದೆ. ೧೨ ಅಂತ ಕೊಟ್ಟರೂ ಪೈಥಾನ್ ಅದನ್ನು 12 ಅಂತ ಓದಿಕೊಳ್ಳುತ್ತದೆ, ಗೊತ್ತಾ? ದೇವನಾಗರಿ ಅಂಕಿಯನ್ನೂ ಹಾಗೇ ಓದುತ್ತದೆ. ಈ ಕೆಲಸದಲ್ಲಿ ಇಂಥ ಸಣ್ಣ ಖುಷಿಗಳು ಇರುವುದಕ್ಕೇ ಬದುಕಿಕೊಂಡಿದ್ದೇವೆ.

ಆಮೇಲೆ ರೋಜ್‌ಮೇಳ, ಮಳೆ ಎರಡರ ಪಟ್ಟಿಯನ್ನು ಜೋಡಿಸುವ ಕೆಲಸ. ದಿನಾಂಕಕ್ಕೆ ದಿನಾಂಕ ಹೊಂದಿಸಿದರೆ ಆಯಿತು ಅನ್ನಿಸುತ್ತದೆ. ಆಗುವುದಿಲ್ಲ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. 2005ರ ಆ 944 ಮಿ.ಮೀ.ಯಲ್ಲಿ ಬಹುಪಾಲು ಬಿದ್ದದ್ದು 26ರ ಮಧ್ಯಾಹ್ನದ ಮೇಲೆ. ಅಳತೆ ಓದಿದ್ದು 27ರ ಬೆಳಗ್ಗೆ. ಹೋಟೆಲಿನ ದಿನವೋ ಬೆಳಗಿನ ಜಾವ ಹಂಡೆಗೆ ನೀರು ಇಟ್ಟಾಗ ಶುರು, ರಾತ್ರಿ ಶಟರ್ ಎಳೆದಾಗ ಮುಗಿಯಿತು. ಸುಮ್ನೆ ಜೋಡಿಸಿದರೆ ಹೋಟೆಲಿಗೆ ಮಳೆಗಿಂತ ಒಂದು ದಿನ ಮುಂಚೆ ನೀರು ಬರುತ್ತದೆ. ಹಾಗಂತ ಎಲ್ಲವನ್ನೂ ಒಂದು ದಿನ ಹಿಂದೆ ತಳ್ಳಿದರೂ ಬೆಳಗ್ಗೆ ಏಳಕ್ಕೆ ಬಂದ ನೀರು ತಪ್ಪಾದ ಸಾಲಿಗೆ ಹೋಗುತ್ತದೆ. ರೋಜ್‌ಮೇಳದಲ್ಲಿ ಗಂಟೆ ಬರೆದಿಲ್ಲ.

ಇಲ್ಲಿ ಉಪಯೋಗಕ್ಕೆ ಬಂದದ್ದು ಆ ಮೂರು ಹೊತ್ತಿನ ವ್ಯಾಪಾರ. ಬೆಳಗಿನ ಇಡ್ಲಿ ವ್ಯಾಪಾರ ಮಾಮೂಲು, ಊಟದ್ದು ಬಿದ್ದಿದೆ ಅಂದರೆ ನೀರು ನಡುಹಗಲಿನಲ್ಲಿ ಬಂದಿದೆ. ಊಟದ್ದು ಸರಿ, ಸಂಜೆಯದ್ದು ಸೊನ್ನೆ ಅಂದರೆ ಆಮೇಲೆ. ಹೀಗೆ ಗಂಟೆ ಅಲ್ಲದಿದ್ದರೂ ಹೊತ್ತು ಸಿಕ್ಕಿತು. ರಾತ್ರಿ ಬಂದು ಬೆಳಗಾಗುವುದರೊಳಗೆ ಇಳಿದು ಹೋದ ನೀರು? ಅದು ಪುಸ್ತಕದಲ್ಲಿ ಇರುವುದೇ ಇಲ್ಲ ಅಂತ ಅಂದುಕೊಂಡಿದ್ದೆ. ಶೆಟ್ರು ನಕ್ಕರು. "ಹುಡುಗರು ಮಲಗುವುದು ಎಲ್ಲಿ? ಇಲ್ಲೇ, ಮೇಜು ಜೋಡಿಸಿಕೊಂಡು. ನೀರು ಬಂದರೆ ಏಳದೆ ಇರ್ತಾರಾ? ಅವರು ಹೇಳ್ತಾರೆ, ನಾನು ಗೆರೆ ಹಾಕ್ತೇನೆ." ಇದು ಯಾವ ಕೋಡಿನಿಂದಲೂ ತಿಳಿಯುತ್ತಿರಲಿಲ್ಲ.

ಎಲ್ಲ ಜೋಡಿಸಿ ನೋಡಿದಾಗ ಅಲೆಗೆರೆಗಳು ಮಳೆಯ ಹಿಂದೆ ಹೋಗುತ್ತಿರಲಿಲ್ಲ. ದೊಡ್ಡ ಮಳೆಯ ಎಷ್ಟೋ ದಿನಗಳ ಪಕ್ಕ ಒಂದು ಗೆರೆಯೂ ಇಲ್ಲ. ಪೇಪರಿನ ಮೂಲೆಯಲ್ಲೂ ಸುದ್ದಿಯಾಗದ ಮಳೆಗೆ ಎರಡೆರಡು ಗೆರೆ. ಹೆಚ್ಚಿನವು ಮಧ್ಯಾಹ್ನದ ಊಟದ ಹೊತ್ತಿನವು.

ಉಬ್ಬರದ ಕಾಲಂ ಸೇರಿಸಿದ ಮೇಲೆ ಚಿತ್ರ ಬದಲಾಯಿತು. ಅಷ್ಟು ಹೊತ್ತಿಗೆ ಅಡುಗೆಯವರು ಬಂದು ನನ್ನ ಲ್ಯಾಪ್‌ಟಾಪಿಗೆ ಇಣುಕಿದರು. ಮಲ್ಪೆಯವರು. ಹೋಟೆಲಿಗೆ ಬರುವ ಮೊದಲು ಸಸೂನ್ ಡಾಕ್‌ನಲ್ಲಿ ಮೀನಿನ ಬೋಟಿನ ಮೇಲೆ ಅಡುಗೆ ಮಾಡುತ್ತಿದ್ದವರು.

"ಅಕ್ಕಾ, ಇಷ್ಟಕ್ಕೆ ಕಂಪ್ಯೂಟರ್ ಎಂತಕ್ಕೆ? ತಿಥಿ ಗೊತ್ತುಂಟಾ? ಮುಕ್ಕಾಲರಿಂದ ಗುಣಿಸಿ. ಆ ಗಂಟೆಗೆ ಭರತಿ."

ಭರತಿ ಅಂದರೆ ಉಬ್ಬರ. ಮುಂಬೈಯ ಮೀನುಗಾರ ಸಮುದಾಯವಾದ ಕೋಳಿಗಳಿಂದ ಕಲಿತ ಲೆಕ್ಕವಂತೆ. ಹುಣ್ಣಿಮೆ, ಅಮಾವಾಸ್ಯೆ ಅಂದರೆ ಹದಿನೈದು. ಅದರ ಮುಕ್ಕಾಲು ಹನ್ನೊಂದೂಕಾಲು. ಮಧ್ಯಾಹ್ನದ ಸ್ವಲ್ಪ ಮುಂಚೆ ಒಂದು ಉಬ್ಬರ, ಹನ್ನೆರಡೂವರೆ ಗಂಟೆ ಕಳೆದು ಇನ್ನೊಂದು. ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುತ್ತಾನೆ, ಉಬ್ಬರವೂ ಅವನ ಜೊತೆ ತಡ. ಇವರ ಲೆಕ್ಕದಲ್ಲಿ 45 ನಿಮಿಷ. ದೋಣಿ ಇಳಿಸುವವರಿಗೆ ಅಷ್ಟು ಸಾಕು. ನಾನು ಸುಮ್ಮನಿರದೆ 2005ರ ಜುಲೈ 26 ಕೊಟ್ಟೆ. ಹುಣ್ಣಿಮೆ ಕಳೆದು ಐದನೆಯ ದಿನ. "ಮೂರೂಮುಕ್ಕಾಲು" ಅಂದರು. ಅವತ್ತು 4.48 ಮೀಟರ್ ಉಬ್ಬರ ಬಂದದ್ದು ಸಂಜೆ ನಾಲ್ಕಕ್ಕೆ ಸ್ವಲ್ಪ ಮೊದಲು.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರ ಮುಂಬೈಯಲ್ಲಿ ನಡುಹಗಲು, ನಡುರಾತ್ರಿಯ ಹೊತ್ತಿಗೇ ಬರುತ್ತದೆ. ಅಂದರೆ ಸರಿಯಾಗಿ ಊಟದ ಹೊತ್ತಿಗೆ. ಮುಂಬೈಯ ಹಳೆಯ ಚರಂಡಿಗಳನ್ನು ಕಟ್ಟಿದ್ದು ಗಂಟೆಗೆ 25 ಮಿ.ಮೀ. ಮಳೆಗೆ, ಅದೂ ಕಡಲು ಇಳಿದಿದ್ದಾಗ. ಕಡಲು ಏರಿತು ಅಂದರೆ ಚರಂಡಿಯ ನೀರಿಗೆ ಹೋಗಲು ದಾರಿಯಿಲ್ಲ. 2005ರ ನಂತರ ಅದನ್ನು 50 ಮಿ.ಮೀ.ಗೆ ಏರಿಸುವ ಕೆಲಸ, ಪಂಪಿಂಗ್ ಸ್ಟೇಷನ್ನು, ಹಿಂದ್‌ಮಾತಾದ ನೀರು ತುಂಬಿಡಲು ನೆಲದಡಿಯ ಟ್ಯಾಂಕು, ಎಲ್ಲ ನಡೆದಿದೆ. ಆದರೂ 24 ಗಂಟೆಯ ಮೊತ್ತ ನೋಡಿ ಊರು ಮುಳುಗುತ್ತದಾ ಇಲ್ಲವಾ ಹೇಳಲು ಬರುವುದಿಲ್ಲ. ನೂರು ಮಿಲಿಮೀಟರ್ ಇಡೀ ರಾತ್ರಿ ಬಿದ್ದರೆ ಹೋಟೆಲು ಬೆಳಗ್ಗೆ ಬಾಗಿಲು ತೆಗೆಯುತ್ತದೆ. ಅದರ ಅರ್ಧ ಮಳೆ ಉಬ್ಬರದ ಒಂದು ಗಂಟೆಯಲ್ಲಿ ಬಿದ್ದರೆ ಸಾಂಬಾರ್ ಪಾತ್ರೆ ಮೇಲೆತ್ತಬೇಕು.

ಇಷ್ಟಾದ ಮೇಲೆ 2005ರ ಪುಸ್ತಕ ಕೇಳಿದೆ. ಅದನ್ನೇ ಕೊನೆಗೆ ಇಟ್ಟುಕೊಂಡಿದ್ದೆ.

ಶೆಟ್ರು, "ಅದು ಇಲ್ಲ" ಅಂದರು.

ಆಗ ರೋಜ್‌ಮೇಳ ಇಡುತ್ತಿದ್ದದ್ದು ಗಲ್ಲಾದ ಕೆಳಗಿನ ಗೂಡಿನಲ್ಲಿ. ಜುಲೈ 26ರ ನೀರು ಗಲ್ಲಾದ ಮೇಲೆ ಹತ್ತಿತು. ಆ ವರ್ಷದ ಪುಸ್ತಕ, ಅದರ ಜೊತೆಗಿದ್ದ ಹಿಂದಿನ ಕೆಲವು ವರ್ಷಗಳದ್ದು, ಎಲ್ಲ ಮುದ್ದೆಯಾದವು. ಶಾಯಿ ಪೆನ್ನಿನಲ್ಲಿ ಬರೆದದ್ದು, ಒಣಗಿಸಿದರೂ ಏನೂ ಉಳಿಯಲಿಲ್ಲ. ಇನ್ನೂ ಹಳೆಯ, ಕನ್ನಡ ಅಂಕಿಯ ಪುಸ್ತಕಗಳು ಮನೆಯ ಅಟ್ಟದಲ್ಲಿದ್ದದ್ದರಿಂದ ಬಚಾವ್. ಅಲ್ಲಿಂದ ಮೇಲೆ ಬಾಲ್‌ಪೆನ್ನು, ಮೇಲಿನ ಕಪಾಟು.

ನಾನು ನನ್ನ ಫೈಲನ್ನು ನೋಡಿದೆ. ಎಲ್ಲಕ್ಕಿಂತ ದೊಡ್ಡ ನೀರು ಬಂದ ದಿನದ ಮುಂದೆ ಖಾಲಿ. ಅಂಕಿಅಂಶದ ಕೆಲಸ ಮಾಡುವವರಿಗೆ ಖಾಲಿ ಜಾಗವನ್ನು ಸೊನ್ನೆಯಿಂದ ತುಂಬುವ ಒಂದು ಸಾಲಿನ ಕೋಡ್ ಬಾಯಿಪಾಠ ಇರುತ್ತದೆ. ಇಲ್ಲಿ ಅದನ್ನು ಓಡಿಸಿದರೆ 2005ರ ಜುಲೈ 26 ಕಿಂಗ್ಸ್ ಸರ್ಕಲ್‌ನಲ್ಲಿ ಒಣ ದಿನ. ನೀರು ಬರಲಿಲ್ಲ ಅಂತ ಖಾಲಿ ಅಲ್ಲ, ನೀರು ಬಂದದ್ದಕ್ಕೇ ಖಾಲಿ. 2020ರದ್ದು ಇನ್ನೊಂದು ಬಗೆ. ಆ ಆಗಸ್ಟ್‌ನಲ್ಲಿ ಒಂದೇ ದಿನ ಕೊಲಾಬಾದಲ್ಲಿ 330 ಮಿ.ಮೀ.ಗಿಂತ ಜಾಸ್ತಿ ಸುರಿಯಿತು, ಈ ಸಲ ಸಾಂತಾಕ್ರೂಜ್ ಹಿಂದೆ. ಆಗ ಶಟರ್ ಮುಚ್ಚಿ ಶೆಟ್ರು ಊರಲ್ಲಿದ್ದರು, ಗೆರೆ ಹಾಕುವವರೇ ಇರಲಿಲ್ಲ. ಇನ್ನು ಹೋಟೆಲಿನ ಮಾಮೂಲು ರಜೆಯ ಖಾಲಿಗಳು ಬೇರೆ. ಮೂರು ಬಗೆಯ ಖಾಲಿಗೂ ನನ್ನ ಫೈಲಿನಲ್ಲಿ ಒಂದೇ ಮುಖ. ಶೆಟ್ರ ಪಕ್ಕ ಕೂತು, ಪ್ರತಿ ಖಾಲಿಗೂ ಕಾರಣ ಕೇಳಿ, ಇನ್ನೊಂದು ಕಾಲಂ ಮಾಡಿದೆ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಆ ಕಾಲಂ ಬಗ್ಗೆ.

ಸಂಪಾದಕರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಒಂದು ಹೋಟೆಲಿನ ಲೆಕ್ಕದಿಂದ ಇಡೀ ಊರಿನ ಕಥೆ ಹೇಳಬಹುದಾ? ಹೇಳಬಾರದು. ಆ ಒಂದು ಮೂಲೆಯ ಕಥೆ ಅಂತಲೇ ಬರೆದೆವು. ಅಕ್ಕಪಕ್ಕದ ಬಟ್ಟೆ ಅಂಗಡಿ, ಹಾರ್ಡ್‌ವೇರ್ ಅಂಗಡಿಗಳಲ್ಲೂ ಕೇಳಿದೆ. ಪುಸ್ತಕ ತೋರಿಸಿದವರು ಕಡಿಮೆ, ನೀರಿನ ಹೊತ್ತಿನ ಬಗ್ಗೆ ಎಲ್ಲರದೂ ಒಂದೇ ಮಾತು. ಡೇಟಾ ಪತ್ರಿಕೋದ್ಯಮ ನಿನ್ನೆ ಮೊನ್ನೆಯದು ಅನ್ನುವವರಿಗೆ ನಾನು 1967ರ ಅಮೆರಿಕದ ಡೆಟ್ರಾಯಿಟ್ ನೆನಪಿಸುತ್ತೇನೆ. ಗಲಭೆಯ ನಂತರ ಫಿಲಿಪ್ ಮೇಯರ್ ಅನ್ನುವ ಪತ್ರಕರ್ತರು ಆ ಬೀದಿಗಳ ಜನರನ್ನು ಸಮೀಕ್ಷೆಯಲ್ಲಿ ಕೇಳಿಸಿ, ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿದರು. ಓದು ಬಿಟ್ಟವರೇ ಗಲಭೆ ಮಾಡಿದ್ದು ಅನ್ನುವ ಮಾತು ಅಲ್ಲಿಗೆ ಬಿದ್ದುಹೋಯಿತು, ಕಾಲೇಜಿಗೆ ಹೋದವರೂ ಅಷ್ಟೇ ಇದ್ದರು. ಅವರಿಗೂ ಕಂಪ್ಯೂಟರ್‌ಗಿಂತ ಮೊದಲು ಬೇಕಾದದ್ದು ಬಾಗಿಲು ತಟ್ಟುವ ಜನ.

ವರದಿ ಬಂದ ಮೇಲೆ ಶೆಟ್ರು ನಾಲ್ಕು ಪೇಪರ್ ತರಿಸಿ, ಒಂದನ್ನು ಊರಿಗೆ ಕಳಿಸಿದರು. ಈಗ ಗೆರೆಯ ಪಕ್ಕ ಗಂಟೆಯನ್ನೂ ಬರೆಯುತ್ತಾರೆ. ಅಡುಗೆಯವರಿಗೆ ಇದು ಹಿಡಿಸಿಲ್ಲ, ತಿಥಿ ಸಾಲದಾ ಅಂತ.

ಇಂಜಿನಿಯರಿಂಗ್ ಓದುವ ಹುಡುಗನೊಬ್ಬ ಫೋನು ಮಾಡಿ ಫೈಲು ಕೇಳಿದ. ಕಳಿಸಿದೆ. ಮರುದಿನ ಮತ್ತೆ ಫೋನು. "ಮೇಡಂ, ಖಾಲಿ ಇರುವಲ್ಲಿ ಸೊನ್ನೆ ಹಾಕಿ ಕೊಡ್ತೀರಾ? ನಮ್ಮ ಕಂಪ್ಯೂಟರ್ ಮಾಡೆಲ್ ಖಾಲಿ ತಗೊಳ್ಳಲ್ಲ." ಸೊನ್ನೆ ಆಗುವುದಿಲ್ಲ ಅಂದೆ. ಯಾಕೆ ಅಂತ ಗಲ್ಲಾದ ಕೆಳಗಿನ ಗೂಡಿನ ಕಥೆ ಹೇಳಿದೆ. ಅವನು ಕೇಳಿಸಿಕೊಂಡ, ಆದರೆ ಮಾಡೆಲ್ ಕೇಳಬೇಕಲ್ಲ. ಕೊನೆಗೆ ಎಲ್ಲ ಖಾಲಿಗೂ -99 ಹಾಕಿ ಕಳಿಸಿದೆ. ಯಾರಾದರೂ ನೋಡದೆ ಸರಾಸರಿ ತೆಗೆದರೆ ಹೋಟೆಲಿನ ನೀರು ನೆಲಕ್ಕಿಂತ ಕೆಳಗೆ ಹೋಗಿ, ಏನೋ ಎಡವಟ್ಟಾಗಿದೆ ಅಂತ ಕಂಡೇ ಕಾಣುತ್ತದೆ.