ನಿಮ್ಮ ಚಿಕ್ಕಮ್ಮ ಎಷ್ಟು ಜನರನ್ನ ಮತಾಂತರ ಮಾಡಿದ್ರು?

ಮೂರು ಮನೆ. ಹದಿನೆಂಟು ವರ್ಷದಲ್ಲಿ. ಅದರಲ್ಲೂ ಒಂದು ಮನೆಯವರು ವಾಪಸ್ ಹೋದರು. ಸಾಕಾ?

ನಮ್ಮ ಚಿಕ್ಕಪ್ಪ ಚಿಕ್ಕಮ್ಮ ಗೂಡಲೂರಿನಲ್ಲಿದ್ದಾರೆ. ಅವರು ಪಾಸ್ಟರ್, ಇವರು ನರ್ಸ್. ಮೈಸೂರಿನಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಗುಂಡ್ಲುಪೇಟೆ, ಬಂಡೀಪುರ, ಮುದುಮಲೈ ದಾಟಿದರೆ ಸಿಗುವ ಕಾಡಿನ ಊರು. ವರ್ಷಕ್ಕೆರಡು ಸಲ ಹೋಗಿ ಬರುತ್ತೇನೆ. ವಾಪಸ್ ಬಂದ ತಕ್ಷಣ ಇಲ್ಲಿನವರದು ಈ ಪ್ರಶ್ನೆ. ಮೊದಲೆಲ್ಲ ಜೋರಾಗಿಯೇ ಕೇಳುತ್ತಿದ್ದರು. 2022ರಲ್ಲಿ ಮತಾಂತರದ ಕಾಯಿದೆ ಬಂದ ಮೇಲೆ ದನಿ ತಗ್ಗಿಸಿ ಕೇಳುತ್ತಾರೆ, ನನ್ನ ಬ್ಯಾಗಿನಲ್ಲಿ ಗಾಂಜಾ ಇದೆಯೇನೋ ಅನ್ನುವ ಹಾಗೆ. ಗೂಡಲೂರು ಇರುವುದು ತಮಿಳುನಾಡಿನಲ್ಲಿ ಸ್ವಾಮಿ, ಕರ್ನಾಟಕದ ಕಾಯಿದೆ ಅಲ್ಲಿಗಿಲ್ಲ.

ಆ 'ಎಷ್ಟು ಜನ' ಅನ್ನುವ ಮಾತೇ ನನಗೆ ಆಗುವುದಿಲ್ಲ. ಕುರಿ ಎಣಿಸುವುದು ನಮ್ಮ ಬೈಬಲ್ಲಿನ ಅಭ್ಯಾಸ, ನಿಮಗ್ಯಾಕೆ?

ಮಂಡ್ಯದಲ್ಲಿ ಸ್ನೇಹಿತನ ಬೀಗರೂಟ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಮುದ್ದೆ ಬಡಿಸುವ ಮೊದಲೇ ಶುರು ಮಾಡಿದರು. "ಅಲ್ಲಪ್ಪ, ಅಕ್ಕಿ ಗಿಕ್ಕಿ ಕೊಟ್ಟು ನಿಮ್ಮೋರು ಎಷ್ಟು ಜನನ್ನ ಸೇರಿಸ್ಕೊಂಡ್ರು?"

"ಯಜಮಾನ್ರೇ, ನೀವು ಹುಟ್ಟಿದ್ದೆಲ್ಲಿ?"

"ಮೈಸೂರು ಮಿಷನ್ ಆಸ್ಪತ್ರೇಲಿ ಕಣಪ್ಪ. ನಾವು ನಾಲ್ಕು ಜನ ಅಣ್ತಮ್ಮಂದ್ರೂ ಅಲ್ಲೇ."

"ನಾಲ್ಕರಲ್ಲಿ ಎಷ್ಟು ಜನ ನಮ್ಮ ಕಡೆ ಬಂದ್ರಿ?"

ಅವರು ನಗಲಿಲ್ಲ. ಆ ಕಡೆ ತಿರುಗಿ ನಾಲೆ ನೀರಿನ ವಿಷಯ ತೆಗೆದರು. ಮಂಡಿ ಮೊಹಲ್ಲಾದ ಆ ಆಸ್ಪತ್ರೆ ಶುರುವಾಗಿದ್ದು 1906ರಲ್ಲಿ. ಈ ಪ್ರಶ್ನೆ ಕೇಳುವ ಅರ್ಧ ಜನ ಅಲ್ಲೇ ಕಣ್ಣುಬಿಟ್ಟಿರುತ್ತಾರೆ.

ಬೋಟಿ ಗೊಜ್ಜು ಮಾತ್ರ ಅವತ್ತು ತುಂಬ ರುಚಿಯಾಗಿತ್ತು.

ಸರಿ, ಅದು ಬಾಯಿ ಮುಚ್ಚಿಸುವ ಉತ್ತರ, ಪೂರ್ತಿ ಉತ್ತರ ಅಲ್ಲ. ಚಿಕ್ಕಪ್ಪ ಚಿಕ್ಕಮ್ಮ ಯೇಸುವಿನ ಸುವಾರ್ತೆ ಹೇಳುತ್ತಾರೆ. ಮಿಷನ್ ಕೆಲಸ ಅಂದಮೇಲೆ ಹೇಳದೆ ಇರುತ್ತಾರಾ? ಆದರೆ ಭಾನುವಾರದ ಆರಾಧನೆಗೆ ಬರುವವರು ಜಾಸ್ತಿ ಟೀ ತೋಟದವರು. ಭಾರತ-ಶ್ರೀಲಂಕಾ ನಡುವಿನ 1964ರ ಒಪ್ಪಂದದ ಮೇಲೆ ಅಲ್ಲಿಂದ ವಾಪಸ್ ಬಂದ ತಮಿಳು ಕುಟುಂಬಗಳು, ಅಜ್ಜನ ಕಾಲದಿಂದಲೂ ಕ್ರೈಸ್ತರು. ಕಾಡಿನ ಆದಿವಾಸಿಗಳಾದ ಪಣಿಯರು, ಬೆಟ್ಟ ಕುರುಂಬರು ಬರುವುದು ಸೋಮವಾರ, ಚಿಕ್ಕಮ್ಮನ ಮಾತ್ರೆಗೆ.

ಹೋದ ಸಲ ಒಬ್ಬ ಪಣಿಯ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಳು. ಮಗು ನೋವಿಗೆ ಕೈಕಾಲು ಮುದುಡಿಕೊಂಡಿತ್ತು. ಚಿಕ್ಕಮ್ಮ ಅದರ ತಲೆ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅಜ್ಜಿ ಮೊಣಕೈಯಲ್ಲಿ ತಿವಿದು ಏನೋ ಅಂದಳು. "ಮೊದಲು ಮಾತ್ರೆ ಕೊಡು, ಆಮೇಲೆ ದೇವರ ಹತ್ರ ಮಾತಾಡು ಅಂತಾಳೆ ಕಣೋ" ಅಂತ ಚಿಕ್ಕಮ್ಮ ನಗುತ್ತಾ ಎದ್ದರು. ಮಾತ್ರೆ ಕೊಟ್ಟರು. ಆಮೇಲೆ ಮಾತಾಡಿದರು. ನಾನು ಕಣ್ಣು ಮುಚ್ಚಲಿಲ್ಲ, ತಗಡಿನ ಸೂರು ನೋಡುತ್ತಾ ಕೂತಿದ್ದೆ. ಅದನ್ನ ಯಾರೂ ಕೇಳುವುದಿಲ್ಲ ನೋಡಿ, ನಿನಗೆ ನಂಬಿಕೆ ಇದೆಯಾ ಅಂತ. ಕೇಳದೆ ಇರುವುದೇ ಒಳ್ಳೆಯದು.

ಕೇಳಲೇಬೇಕು ಅಂದರೆ ಅಲ್ಲಿ ಚಳಿ ಹೇಗಿದೆ ಅಂತ ಕೇಳಿ. ಆ ಮಗುವಿಗಿರುವುದು ಸಿಕಲ್ ಸೆಲ್ ಅನ್ನುವ ರಕ್ತದ ಕಾಯಿಲೆ. ಆ ಕಡೆಯ ಆದಿವಾಸಿಗಳಲ್ಲಿ ಇದು ಜಾಸ್ತಿ, ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ. ರಕ್ತದ ಕಣ ದುಂಡಗಿರುವ ಬದಲು ಕುಡುಗೋಲಿನ ಹಾಗೆ ಬಾಗುತ್ತದೆ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೈ ತಣ್ಣಗಾದರೆ, ನೀರು ಕಡಿಮೆಯಾದರೆ ನೋವು ಕೆರಳುತ್ತದೆ. ಗೂಡಲೂರಿನ ಮಳೆಗಾಲದಲ್ಲಿ ಮೈ ಬೆಚ್ಚಗಿಟ್ಟುಕೊಳ್ಳುವುದು ಅಂದರೆ ಸುಮ್ನೆ ಮಾತಲ್ಲ. ಅದಕ್ಕೇ ಚಿಕ್ಕಮ್ಮ ನನ್ನಿಂದ ತರಿಸುವುದು ಎರಡೇ, ರಾಗಿ ಹಿಟ್ಟು ಮತ್ತು ಹಳೆ ಸ್ವೆಟರ್. ಹಿಟ್ಟು ಅವರಿಗೆ.

ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಿದ್ದೇನೆ. ತಡ ಮಾಡುವ ಹಾಗಿಲ್ಲ, 2009ರಿಂದ ಬಂಡೀಪುರದ ರಸ್ತೆಗೆ ರಾತ್ರಿ 9ಕ್ಕೆ ಗೇಟು ಹಾಕುತ್ತಾರೆ. ಸ್ವೆಟರ್ ಕೊಡುವವರು ಶುಕ್ರವಾರ ಸಂಜೆಯೊಳಗೆ ತಂದುಕೊಡಿ. ಮಕ್ಕಳ ಅಳತೆಯದಾದರೆ ಒಳ್ಳೆಯದು. ಗುಂಡಿ ಕಿತ್ತುಹೋಗಿದ್ದರೂ ಪರವಾಗಿಲ್ಲ, ಚಿಕ್ಕಮ್ಮ ಹೊಲಿದುಕೊಳ್ಳುತ್ತಾರೆ.