ಆಲಿಕೆ ಸಭೆಯಲ್ಲಿ ಹನ್ನೆರಡನೇ ಟನ್ನರ್

ರಾಸಾಯನಿಕ ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮೊದಲು ಜನರ ಮಾತು ಕೇಳುವ ಸಾರ್ವಜನಿಕ ಆಲಿಕೆ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಎಂದಿದ್ದರೆ, ಶಾಮಿಯಾನ ಅದಕ್ಕೂ ಮುಂಚೆಯೇ ಎರಡು ಪಾಲಾಗಿರುತ್ತದೆ. ಕೆಲಸ ಸಿಗುತ್ತದೆ ಎಂದು ಬಂದವರು ಒಂದು ಕಡೆ, ಕೆರೆ ಕೆಡುತ್ತದೆ ಎಂದು ಬಂದವರು ಇನ್ನೊಂದು ಕಡೆ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿಯೇ ಒಳಗೆ ಹೋಗಿ. ಈ ಸಭೆಗೆ ಕೋರಂ ಇಲ್ಲ, ಹತ್ತೇ ಜನ ಬಂದರೂ ಸಭೆ ನಡೆದ ಲೆಕ್ಕ. ಬಹಿಷ್ಕಾರ ಹಾಕಿ ಗೇಟಿನ ಹೊರಗೆ ಕೂಗಿದ್ದು ನಡವಳಿಗೆ ಸೇರುವುದೂ ಕಷ್ಟ.

ನಿಜವಾದ ಕೆಲಸ ಇರುವುದು ಅದಕ್ಕೂ ಹಿಂದಿನ ಮೂವತ್ತು ದಿನಗಳಲ್ಲಿ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ಕನಿಷ್ಠ ಅಷ್ಟು ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಕಾರ್ಖಾನೆಯಿಂದ ಪರಿಸರಕ್ಕಾಗುವ ಪರಿಣಾಮದ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತ್, ಜಿಲ್ಲಾ ಕೈಗಾರಿಕಾ ಕೇಂದ್ರಗಳಲ್ಲಿ ನೋಡಲು ಸಿಗಬೇಕು. ಎಲ್ಲರೂ ಓದುವುದು ಕನ್ನಡದ ಸಾರಾಂಶ. ಅದರಲ್ಲಿ ‘ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳಲಾಗುವುದು’ ಎನ್ನುವಂಥ ಸಾಲು ಬಿಟ್ಟರೆ ಹೆಚ್ಚಿಗೆ ಇರುವುದು ಅಪರೂಪ. ಅಪಾಯಕಾರಿ ರಾಸಾಯನಿಕದ ದಾಸ್ತಾನಿನ ಲೆಕ್ಕ ಹುಡುಕಬೇಕಾದದ್ದು ಇಂಗ್ಲಿಷ್ ವರದಿಯ ಏಳನೇ ಅಧ್ಯಾಯದಲ್ಲಿ, ಅಪಾಯ ವಿಶ್ಲೇಷಣೆಯ ಕೋಷ್ಟಕದಲ್ಲಿ.

ಕ್ಲೋರಿನ್‌ ತೆಗೆದುಕೊಳ್ಳಿ. ಟನ್ನರ್ ಎನ್ನುವ ದೊಡ್ಡ ಸಿಲಿಂಡರಿನಲ್ಲಿ ಸಾಮಾನ್ಯವಾಗಿ 900 ಕೆ.ಜಿ. ಅನಿಲ ಇರುತ್ತದೆ. 1989ರ ಅಪಾಯಕಾರಿ ರಾಸಾಯನಿಕ ನಿಯಮಗಳಲ್ಲಿ ಕ್ಲೋರಿನ್‌ನ ಮೊದಲ ಮಿತಿ 10 ಟನ್. ಅದನ್ನು ಮುಟ್ಟಿದರೆ ಕಾರ್ಖಾನೆಯೊಳಗಿನ ತುರ್ತು ಯೋಜನೆ, ಸುತ್ತಲ ಊರಿನ ತುರ್ತು ಯೋಜನೆ, ಅಕ್ಕಪಕ್ಕದವರಿಗೆ ಮಾಹಿತಿ ಎಲ್ಲವೂ ಕಡ್ಡಾಯ. 25 ಟನ್ ಮುಟ್ಟಿದರೆ ಸುರಕ್ಷತಾ ವರದಿಯೂ ಬೇಕು. ಹನ್ನೊಂದು ಟನ್ನರ್ ಅಂದರೆ 9.9 ಟನ್, ಮಿತಿಯ ಕೆಳಗೆ. ಹನ್ನೆರಡನೆಯದು ಬಂದರೆ 10.8. ವರದಿಯಲ್ಲಿ ‘ಹನ್ನೊಂದು’ ಎಂದಿದ್ದರೆ ಕೇಳಬೇಕಾದದ್ದು ಒಂದೇ: ಲಾರಿ ಇಳಿಸುವ ದಿನ ಶೆಡ್ಡಿನಲ್ಲಿ ಒಟ್ಟು ಎಷ್ಟಿರುತ್ತದೆ? ಖಾಲಿ ಜಾಗ ಎಷ್ಟಿದೆ ಎಂದೂ ಕೇಳಿ, ಇಪ್ಪತ್ತು ಟನ್ನರ್ ಹಿಡಿಯುವ ಶೆಡ್ಡನ್ನು ಹನ್ನೊಂದಕ್ಕೆಂದು ಯಾರೂ ಕಟ್ಟುವುದಿಲ್ಲ.

ಸೋರಿಕೆಯ ನಕ್ಷೆಯನ್ನೂ ಹೀಗೇ ನೋಡಬೇಕು. ಎಷ್ಟು ದೊಡ್ಡ ತೂತು, ಎಷ್ಟು ನಿಮಿಷದ ಸೋರಿಕೆ, ಗಾಳಿಯ ವೇಗ ಎಷ್ಟೆಂದು ಹಿಡಿದಿದ್ದಾರೆ? ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗು ಹಿಡಿದು ಹರಿಯುತ್ತದೆ. ಗಾಳಿಯಾಡದ ಚಳಿಗಾಲದ ಬೆಳಗಿನ ಜಾವವೇ ಕೆಟ್ಟ ಹೊತ್ತು. ಮಧ್ಯಾಹ್ನದ ಜೋರು ಗಾಳಿಯ ಲೆಕ್ಕ ಕೊಟ್ಟು ‘ಊರಿಗೆ ತಲುಪುವುದಿಲ್ಲ’ ಎಂದಿದ್ದರೆ ಅಲ್ಲೇ ಹಿಡಿಯಿರಿ. ಹಳ್ಳದ ಅಂಚಿನ ಅಂಗನವಾಡಿ ಎಷ್ಟು ಮೀಟರ್ ದೂರದಲ್ಲಿದೆ ಎಂದು ಮೊದಲೇ ಅಳೆದುಕೊಂಡು ಬನ್ನಿ.

ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ನಡವಳಿಯಲ್ಲಿ ಮಾತ್ರ ‘ಕೆಲವರು ಆತಂಕ ವ್ಯಕ್ತಪಡಿಸಿದರು’ ಎಂದಾಗಿಬಿಡುತ್ತದೆ. ಇಲ್ಲಿ ಕೈಯೆತ್ತಿ ಮತ ಹಾಕುವುದಿಲ್ಲ. ಎತ್ತಿದ ಪ್ರಶ್ನೆಗೆ ಕಂಪನಿ ಅಂತಿಮ ವರದಿಯಲ್ಲಿ ಉತ್ತರ ಬರೆಯಬೇಕು, ಹಾಗಾಗಿ ಪ್ರಶ್ನೆಯಲ್ಲಿ ಅಂಕಿ ಇರಲಿ. ಬರಹದಲ್ಲಿ ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಕೊನೆಗೆ ನಡವಳಿಯನ್ನು ಸಭೆಯಲ್ಲೇ ಕನ್ನಡದಲ್ಲಿ ಓದಿ ಹೇಳಬೇಕು, ಅಧ್ಯಕ್ಷತೆ ವಹಿಸಿದ ಅಧಿಕಾರಿ ಅದೇ ದಿನ ಸಹಿ ಹಾಕಬೇಕು. ಅಷ್ಟರಲ್ಲಿ ಎರಡು ಗಂಟೆಯಾಗಿ, ಜನರೆಲ್ಲ ಪಲಾವ್ ಪೊಟ್ಟಣದ ಸಾಲಿನಲ್ಲಿರುತ್ತಾರೆ. ಇಬ್ಬರಾದರೂ ಕುರ್ಚಿ ಬಿಟ್ಟು ಏಳಬೇಡಿ. ‘ದಾಸ್ತಾನಿನ ಬಗ್ಗೆ ಕೇಳಲಾಯಿತು’ ಎಂದು ಓದಿದರೆ ಎದ್ದು ನಿಂತು, ‘ಸಾರ್, ಹನ್ನೆರಡು ಟನ್ನರ್, 10.8 ಟನ್ ಅಂತ ಸೇರಿಸಿ’ ಎನ್ನಿ. ವಿಡಿಯೊ ಕ್ಯಾಮೆರಾ ಇನ್ನೂ ಓಡುತ್ತಿರುತ್ತದೆ.